ಪಿಯಾನೋಗೆ ನಾನು ಕೂಡಿಸಿದ ಸುರ

ಸಿಂದಗಿ
೧೮ ಡಿಸೆಂಬರ್ ೧೯೭೮, ಸೋಮವಾರ

ಎಸ್ತೇರವ್ವ,

ನಾವೆಲ್ಲ ಇಲ್ಲಿ ಕ್ಷೇಮ, ನಿನ್ನ ಕ್ಷೇಮ ತಿಳಿಸು ಎಂದು ಮೊದಲು ಬರೆಯಬೇಕಂತೆ. ನಮ್ಮ ಮನೆಯಾಕೆ, ನಿನ್ನ ಕಸ್ತೂರೆವ್ವ ಕಾಕು, ಬಾಗಿಲಲ್ಲಿ ನಿಂತು ಹಾಗೇ ಶುರು ಮಾಡಿ ಎಂದಳು. ನಾನು ಮಾಡುವುದಿಲ್ಲ. ಒಂದು ತಿಂಗಳಿಂದ ನನಗೆ ಕ್ಷೇಮ ಎಂಬುದಿಲ್ಲ. ಕುಳಿತಲ್ಲಿ ಕೂಡಲಾರೆ, ನಿಂತಲ್ಲಿ ನಿಲ್ಲಲಾರೆ. ಈ ಕಾಗದದ ಮುಂದೆ ಕುಳಿತ ಮೇಲೇ ಮೂರು ಸಲ ಎದ್ದು ಅಂಗಳ ಸುತ್ತಿ ಬಂದಿದ್ದೇನೆ. ಅದಕ್ಕೇ ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಾನು ಎದ್ದು ಹೋದರೂ ಅದಾದರೂ ಕಾಗದದ ಮೇಲೆ ಉಳಿಯಲಿ.

ನಾಲ್ಕು ವರ್ಷದ ಹಿಂದೆ, ಕ್ರಿಸ್‌ಮಸ್ ಮುಂಜಾನೆ, ಬೋರ್ಡಿಂಗ್ ಚರ್ಚಿನಲ್ಲಿ ನೀನು ಪಿಯಾನೋ ಬಾರಿಸುವಾಗ ಎರಡನೆಯ ಹಾಡು ಕೆಟ್ಟಿತಲ್ಲ, ಅದು ನಿನ್ನ ಕೈಯಿಂದ ಕೆಟ್ಟಿದ್ದಲ್ಲ. ಕೆಡಿಸಿದವನು ನಾನು. ಅದು ಆಮೇಲೆ ಎಂದೋ ತಿಳಿದ ಮಾತೂ ಅಲ್ಲ. ಅವತ್ತೇ, ಅಲ್ಲೇ, ಚರ್ಚಿನ ಬಾಗಿಲಲ್ಲಿ ನಿಂತಾಗಲೇ ನನಗೆ ಗೊತ್ತಾಗಿತ್ತು. ಗೊತ್ತಿದ್ದೂ ನಿನ್ನ ಕೈ ಸರಿಯಿಲ್ಲ ಎಂದು ನಾಲ್ಕು ಮಂದಿ ಎದುರು ಹೇಳಿದೆ. ನೀನು ನಂಬಿದೆ.

ಹೇಳಿದ್ದಾಯಿತು. ಇನ್ನು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಇದರಲ್ಲಿ ಅರ್ಧ ನಿನಗೆ ಗೊತ್ತಿರುವುದೇ. ಆದರೆ ನಾನು ನಿಂತ ಕಡೆಯಿಂದ ಅದು ಹೇಗೆ ಕಂಡಿತು ಎಂಬುದು ನಿನಗೆ ಗೊತ್ತಿಲ್ಲ. ನನ್ನ ಅಕ್ಷರ ಸೊಟ್ಟ ಇರುತ್ತವೆ. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವನು, ಸಹಿಸಿಕೊಂಡು ಓದು.

ಚರ್ಚಿನ ಪಾದ್ರಿ ದೇವದಾನ ಅಯ್ಯನವರು ನನ್ನನ್ನು ಬೋರ್ಡಿಂಗಿಗೆ ಕರೆಸಿದ್ದು ಎಪ್ಪತ್ನಾಲ್ಕರ ಮಳೆಗಾಲದಲ್ಲಿ. ಹಿಂದೆ ಇದ್ದ ಬಿಳಿ ಡಾಕ್ಟರಮ್ಮ ಬಿಟ್ಟುಹೋದ ದೊಡ್ಡ ಪೇಟಿ ಇದೆ, ಮೂರು ಪಟ್ಟಿ ಒತ್ತಿದರೆ ಮಾತಾಡುತ್ತಿಲ್ಲ, ನೀವು ಹಾರ್ಮೋನಿಯಂ ಪೇಟಿ ರಿಪೇರಿ ಮಾಡುವವರು, ಒಂದಿಷ್ಟು ನೋಡಿ ಎಂದರು. ಹೋದೆ. ನೀನು ಅದರ ಮುಂದೆ ನಿಂತು ಸೆರಗಿನಿಂದ ಧೂಳು ಒರೆಸುತ್ತಿದ್ದೆ. ಬೋರ್ಡಿಂಗಿನ ಹುಡುಗಿಯರಿಗೆ ಹಾಡು ಕಲಿಸಲು ನೀನು ಬಾಗೇವಾಡಿಯಿಂದ ಬಂದು ಆಗಿನ್ನೂ ವಾರವಾಗಿತ್ತು. ನಾನು ಭಾತೆ ಎಲ್ಲಿದೆ, ಗಾಳಿ ಎಲ್ಲಿಂದ ಹಾಕುತ್ತಾರೆ ಎಂದು ಪೆಟ್ಟಿಗೆಯ ಹಿಂದೆ ಮುಂದೆ ಹುಡುಕಾಡಿದೆ. ನೀನು ನಗು ತಡೆದುಕೊಂಡು ಮುಂದಿನ ಹಲಗೆ ಬಿಚ್ಚಿ ತೋರಿಸಿದೆ. ಒಳಗೆ ಬರೀ ತಂತಿ. ಎಷ್ಟು ತಂಬೂರಿ ಮುರಿದು ಈ ಪೆಟ್ಟಿಗೆಯಲ್ಲಿ ತುಂಬಿದ್ದಾರೆ ಎಂದು ಕೇಳಿದೆ. ಅವತ್ತೇ ನನ್ನನ್ನು ಕಾಕಾ ಎಂದು ಕರೆದೆ. ನಾನೂ ಬೇಡ ಅನ್ನಲಿಲ್ಲ. ನನಗೆ ಹಾಗೆ ಕರೆಯುವವರು ಊರಲ್ಲಿ ಕಡಿಮೆ. ಹೆದರುವವರೇ ಹೆಚ್ಚು.

ಆಮೇಲಿನ ಐದು ತಿಂಗಳು ನಾನು ಎಷ್ಟು ಸಲ ಬೋರ್ಡಿಂಗಿಗೆ ಬಂದೆನೋ ಲೆಕ್ಕವಿಲ್ಲ. ಪಟ್ಟಿ ರಿಪೇರಿ ಒಂದು ನೆಪ, ಅದನ್ನು ಎಳೆಯುತ್ತಲೇ ಇದ್ದೆ. ನೀನು ಕ್ರಿಸ್‌ಮಸ್ ಹಾಡು ಬಾರಿಸುವುದನ್ನು ಕೇಳಲು ಬರುತ್ತಿದ್ದೆ. ಎರಡೂ ಕೈ ಬೇರೆ ಬೇರೆ ಮಾತಾಡುತ್ತವಲ್ಲ ನಿನ್ನವು, ಬಲಗೈ ಹಾಡು ಹೇಳಿದರೆ ಎಡಗೈ ಅದಕ್ಕೆ ಉತ್ತರ ಕೊಡುತ್ತದೆ, ಅದು ನನಗೆ ಹೊಸದು. ನಮ್ಮ ಪೇಟಿಯಲ್ಲಿ ಎಡಗೈಗೆ ಗಾಳಿ ಹಾಕುವುದೇ ಕೆಲಸ. ಆ ಚುಕ್ಕಿ ಗೀಟಿನ ಪುಸ್ತಕ ನನಗೆ ಓದಲು ಬಾರದು ಎಂದು ನೀನು ಹಳೆಯ ಕ್ಯಾಲೆಂಡರಿನ ಹಿಂದೆ ಸರಿಗಮ ಬರೆದುಕೊಟ್ಟೆ. ದಪ್ಪ ಅಕ್ಷರದಲ್ಲಿ ಬರೆದಿದ್ದೆ, ನನ್ನ ಕಣ್ಣು ಮಂದವೆಂದು. ಏಳು ಹಾಡು. ಅವನ್ನು ಸುರುಳಿ ಸುತ್ತಿ ಬಗಲಲ್ಲಿಟ್ಟುಕೊಂಡು ಮನೆಗೆ ತಂದು ಪೇಟಿಯ ಮೇಲೆ ಬಾರಿಸಿದೆ. ಕುರುಬರು ಹಟ್ಟಿಯಲ್ಲಿ ಕೂತಾಗ ಚುಕ್ಕಿ ಕಂಡ ಹಾಡು ಇದೆಯಲ್ಲ, ಅದು ಕಸ್ತೂರೆವ್ವನ ಬಾಯಿಗೆ ಹತ್ತಿಬಿಟ್ಟಿತು. ರೊಟ್ಟಿ ಬಡಿಯುವಾಗ ಅದನ್ನೇ ಗುನುಗುತ್ತಿದ್ದಳು. ಒಂದು ದಿನ ತಟ್ಟನೆ ನಿಲ್ಲಿಸಿ, ಅಷ್ಟು ಚಳಿಯಲ್ಲಿ ಆ ಕುರುಬರ ಹತ್ತಿರ ಕಂಬಳಿ ಇತ್ತೋ ಇಲ್ಲವೋ ಕೇಳಿಕೊಂಡು ಬನ್ನಿ ಎಂದಳು. ನಾನು ಬಂದು ಕೇಳಿದೆ. ನೀನು ಪುಸ್ತಕದಲ್ಲಿ ಹುಡುಕಿ, ಕಂಬಳಿ ಮಾತು ಬರೆದಿಲ್ಲ ಎಂದೆ. ಬರೆಯದಿದ್ದರೇನು, ಕುರುಬರೆಂದ ಮೇಲೆ ಕಂಬಳಿ ಇದ್ದೇ ಇರುತ್ತದೆ ಎಂದು ಅವಳೇ ತೀರ್ಪು ಕೊಟ್ಟಳು.

ಅದೇ ಹಾಡಿನ ಧಾಟಿಯನ್ನು ನಾನು ನಮ್ಮ ಗುಡಿಯ ಸೋಮವಾರದ ಭಜನೆಗೂ ಒಯ್ದೆ. ಶಬ್ದ ನಮ್ಮದು, ಧಾಟಿ ನಿಮ್ಮದು. ಎಲ್ಲರಿಗೂ ಹಿಡಿಸಿತು. ಎಲ್ಲಿಯದು ಎಂದು ತಿಳಿದ ಮೇಲೆ ತಾಳ ಹಾಕುವ ಸೋಮನಿಂಗ ನನ್ನನ್ನು ಬಿಡಲಿಲ್ಲ.

"ಮಾಸ್ತರ್ರ, ಬರೋ ಭಜನಿ ಸೋಮವಾರ ಇಲ್ಲೋ, ಆಯಿತಾರ ಬೋರ್ಡಿಂಗನ್ಯಾಗೋ? ಮೊದಲ ಹೇಳಿಬಿಡ್ರಿ, ಧೋತರ ಒಗದು ಇಟಗೋತೇನಿ."

"ನೀ ಮೊದಲ ತಾಳ ನೆಟ್ಟಗ ಹಾಕು. ನಿನ್ನ ತಾಳ ಕೇಳಿದ್ರ ಯಾ ದೇವರೂ ಬರೂದುಲ್ಲ," ಎಂದೆ.

ನಿನಗೆ ಇದನ್ನು ಹೇಳಿದಾಗ ನೀನು ಪಿಯಾನೋ ಮೇಲೆ ತಲೆ ಇಟ್ಟು ನಕ್ಕೆ. 

ನಿನ್ನ ಕೆಲಸ ಕಾಯಂ ಆಗಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಕ್ರಿಸ್‌ಮಸ್‌ವರೆಗೆ ನೋಡುತ್ತೇವೆ, ಹಬ್ಬದ ಹಾಡು ಚೆನ್ನಾಗಿ ಆದರೆ ಹೊಸ ವರ್ಷದಿಂದ ಕಾಯಂ ಎಂದು ಚರ್ಚಿನ ಪಂಚರು ಹೇಳಿದ್ದರು. ಬಾಗೇವಾಡಿಯಲ್ಲಿ ನಿನ್ನ ಅವ್ವ ಒಬ್ಬಳೇ. ಅವಳನ್ನು ಕರೆತಂದು ಬೋರ್ಡಿಂಗಿನ ಹಿಂದಿನ ಕೋಣೆಯಲ್ಲಿ ಇಟ್ಟುಕೊಳ್ಳುವ ಆಸೆ ನಿನ್ನದು. ಅದಕ್ಕಿಂತ ದೊಡ್ಡ ಆಸೆ, ಆ ಪಿಯಾನೋ ಬಿಟ್ಟು ಹೋಗಬಾರದು ಎಂಬುದು. ಈ ಸುತ್ತಿನಲ್ಲಿ ಇಂಡಿಗೆ ಹೋದರೂ ಇಲ್ಲ, ಮುದ್ದೇಬಿಹಾಳಕ್ಕೆ ಹೋದರೂ ಇಲ್ಲ, ಇದೊಂದೇ ಇರುವುದು ಕಾಕಾ ಎಂದು ನೀನು ಹೇಳಿದ್ದೆ. ಇಷ್ಟೆಲ್ಲ ಗೊತ್ತಿದ್ದೂ ನಾನು ಹಾಗೆ ಮಾಡಿದೆ. ಇದನ್ನು ಬರೆದಿಡುವುದು ಅವಶ್ಯ.

ಹಬ್ಬಕ್ಕೆ ಐದು ದಿನ ಇರುವಾಗ ನಿನ್ನ ಅವ್ವ ಬಿದ್ದಳೆಂದು ಕರೆ ಬಂತು. ಬಸ್ಸಿಗೆ ಓಡುವ ಅವಸರದಲ್ಲೂ ನನ್ನ ಹತ್ತಿರ ಬಂದು ಹೇಳಿದೆ.

"ಕಾಕಾರ, ಆ ಮೂರು ಪಟ್ಟಿ ಅಷ್ಟ ಎಬ್ಬಿಸಿ ಕೊಡ್ರಿ. ಉಳದದ್ದು ಇದ್ದಂಗ ಇರಲಿ. ಮುಟ್ಟಬ್ಯಾಡ್ರಿ."

ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ? ನಾನು ಹೂಂ ಎಂದೆ.

ಬಂದಗಿಸಾಬ ಬಡಿಗ ಜೊತೆಗಿದ್ದ. ತಂತಿ ಸುತ್ತಿದ ಮೊಳೆ ತಿರುಗಿಸಲು ಕಬ್ಬಿಣದ ಕೀಲಿಯೊಂದನ್ನು ಕಮ್ಮಾರನಿಂದ ಮಾಡಿಸಿ, ಅದಕ್ಕೆ ಜಾಲಿ ಕಟ್ಟಿಗೆಯ ಹಿಡಿಕೆ ಕೂಡಿಸಿ ಕೊಟ್ಟಿದ್ದ. ಮೂರು ಪಟ್ಟಿ ಮಧ್ಯಾಹ್ನದೊಳಗೆ ಎದ್ದವು. ಅಲ್ಲಿಗೆ ಎದ್ದು ಮನೆಗೆ ಬರಬೇಕಿತ್ತು. ಆದರೆ ಕುಳಿತು ಒಂದೊಂದೇ ಸುರ ಒತ್ತಿ ಕೇಳಿದೆ. ಗಂಧಾರ ತುಸು ಏರಿತ್ತು. ಧೈವತವೂ ಹಾಗೇ. ಎಲ್ಲ ಸುರಕ್ಕೂ ಚೂರು ಚೂರು ಹುಳಿ ಹಿಂಡಿದ ಹಾಗಿತ್ತು. ಐದು ತಿಂಗಳಿಂದ ಅದು ನನ್ನ ಕಿವಿಗೆ ಚುಚ್ಚುತ್ತಿತ್ತು. ಇಷ್ಟು ಒಳ್ಳೆಯ ಹುಡುಗಿ ಇಂಥ ಕೆಟ್ಟ ಸುರದ ಮೇಲೆ ಬಾರಿಸುತ್ತಿದ್ದಾಳಲ್ಲ ಎಂದು ಸಿಟ್ಟು ಬಂತು.

ನಮ್ಮ ದಂಧೆಯ ಪದ್ಧತಿ ನಿನಗೆ ಹೇಳಬೇಕು. ಪೇಟಿ ಸುರ ಕೂಡಿಸಲು ಬಂದವರನ್ನು ನಾವು ಮೊದಲು ಕೇಳುವ ಮಾತು ಒಂದೇ, ಹಾಡುವವರ ಸಾ ಯಾವುದು? ಒಬ್ಬರಿಗೆ ಕರಿ ಎರಡು, ಅಂದರೆ ಎರಡನೆಯ ಕರಿ ಪಟ್ಟಿ, ಒಬ್ಬರಿಗೆ ಬಿಳಿ ಒಂದು, ಅಂದರೆ ಮೊದಲನೆಯ ಬಿಳಿ ಪಟ್ಟಿ. ಆ ಒಂದು ಸಾ ಹಿಡಿದು ಉಳಿದ ಸುರಗಳನ್ನು ಅದಕ್ಕೆ ಜೇನಿನ ಹಾಗೆ ಕೂಡಿಸಿ ಕೊಡುತ್ತೇವೆ. ಆಮೇಲೆ ಆ ಹಾಡುವವರು ಬೇರೆ ಸಾ ಹಿಡಿಯುವುದಿಲ್ಲ. ಹಿಡಿದರೆ ಪೇಟಿ ಒದರುತ್ತದೆ. ಬಾಳಮ್ಮ ಎಂಬ ಗಾಯಕಿಗೆ ನಾನು ಇಪ್ಪತ್ತು ವರ್ಷ ಸಾಥ್ ಮಾಡಿದೆ. ಇಪ್ಪತ್ತು ವರ್ಷವೂ ಅವಳ ಸಾ ಬಿಳಿ ನಾಲ್ಕೇ, ಕೂದಲೆಳೆಯಷ್ಟು ಆಚೀಚೆ ಇಲ್ಲ. ನೀನು ಕುರುಬರ ಹಾಡನ್ನು ದಿನಾ ಬಾರಿಸುತ್ತಿದ್ದದ್ದೂ ಬಿಳಿ ನಾಲ್ಕರಿಂದಲೇ. ಹಾಗಾದರೆ ಈ ಹುಡುಗಿಯ ಸಾ ಬಿಳಿ ನಾಲ್ಕು ಎಂದು ನಾನೇ ತೀರ್ಮಾನ ಮಾಡಿದೆ. ನಿನ್ನನ್ನು ಕೇಳಲಿಲ್ಲ, ಉಳಿದ ಹಾಡುಗಳನ್ನು ನೀನು ಎಲ್ಲಿಂದ ಹಿಡಿಯುತ್ತೀ ಎಂದು ಗಮನಿಸಲೂ ಇಲ್ಲ. ಹಾಡಿಗೊಂದು ಸಾ ಬದಲಿಸುವ ಮಂದಿಯೂ ಇರುತ್ತಾರೆ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ನಾನು ಕೀಲಿಯನ್ನು ನಾಲ್ಕನೆಯ ಮೊಳೆಗೆ ಹಚ್ಚಿದಾಗ ಬಂದಗಿಸಾಬ ತಡೆದ.

"ಮಾಸ್ತರ್ರ, ಆ ಹುಡಿಗಿ ಮೂರ ಅಂದಿದ್ಲಲ್ರಿ?"

"ನೀ ಕಟಗಿ ನೋಡ್ಕೊ. ಸುರದ ಸುದ್ದಿ ನನಗ ಬಿಡು."

ಅವನು ಬಿಟ್ಟ. ನಾನು ನಾಲ್ಕು ದಿನ ಊಟಕ್ಕೂ ಮನೆಗೆ ಬರದೆ ಇನ್ನೂರಕ್ಕೂ ಮಿಕ್ಕಿ ತಂತಿ ತಿರುಗಿಸಿದೆ. ಕೈಯಲ್ಲಿ ಬೊಬ್ಬೆ ಎದ್ದವು. ನನ್ನ ಜನ್ಮದಲ್ಲಿ ಅಂಥ ಚೊಕ್ಕ ಕೆಲಸ ಮಾಡಿರಲಿಲ್ಲ. ಅದನ್ನೂ ಹೇಳಬೇಕು. ಬಿಳಿ ನಾಲ್ಕರಿಂದ ಒತ್ತಿದರೆ ಆ ಪೆಟ್ಟಿಗೆಯ ಕಟ್ಟಿಗೆಯೇ ಹಾಡುತ್ತಿತ್ತು.

ಹಬ್ಬದ ಹಿಂದಿನ ಸಂಜೆ ನೀನು ಬಸ್ಸಿಳಿದು ನೇರ ಚರ್ಚಿಗೆ ಬಂದೆ. ಹುಡುಗಿಯರು ಬಣ್ಣದ ಕಾಗದ ಅಂಟಿಸುತ್ತಿದ್ದರು, ಒಂದೇ ಗದ್ದಲ. ನಿಂತೇ ಕುರುಬರ ಹಾಡಿನ ನಾಲ್ಕು ಸಾಲು ಬಾರಿಸಿದೆ. ಗದ್ದಲ ನಿಂತಿತು. ನೀನು ನನ್ನ ಕಡೆ ತಿರುಗಿ, "ಕಾಕಾರ, ಇದಕ್ಕ ಜೀವ ಬಂತಲ್ರಿ," ಎಂದೆ. ಮೂರೇ ಪಟ್ಟಿಯಿಂದ ಇಷ್ಟು ಹೇಗಾಯಿತು ಎಂದು ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಅಷ್ಟರಲ್ಲಿ ಯಾರೋ ನಿನ್ನನ್ನು ಕರೆದರು. ಇನ್ನೊಂದು ಹಾಡು ಅವತ್ತು ಬಾರಿಸಿದ್ದರೆ ಎಂದು ನಾನು ಎಷ್ಟು ಸಲ ಅಂದುಕೊಂಡಿದ್ದೇನೋ. ಅದರಿಂದ ಏನೂ ಆಗುವುದಿಲ್ಲ, ಆದರೂ ಅಂದುಕೊಳ್ಳುತ್ತೇನೆ.

ಹಬ್ಬದ ಮುಂಜಾನೆ ನಾನು, ಕಸ್ತೂರೆವ್ವ, ಬಂದಗಿಸಾಬ ಮೂವರೂ ಬಾಗಿಲ ಹತ್ತಿರ ನಿಂತೆವು. ಒಳಗೆ ಜಾಗವಿರಲಿಲ್ಲ. ಮೊದಲು ಹಿಡಿದ ಕುರುಬರ ಹಾಡಿಗೆ ಮುದುಕಿಯರು ಕಣ್ಣು ಮುಚ್ಚಿ ತೂಗಿದರು. ಕಸ್ತೂರೆವ್ವ ತನಗೆ ಗೊತ್ತಿದ್ದ ಕಡೆ ದನಿ ಸೇರಿಸಿದಳು. ನಾನು ಎದೆ ಮುಂದೆ ಮಾಡಿ ನಿಂತಿದ್ದೆ. ಎರಡನೆಯದು ಸಣ್ಣ ಹುಡುಗಿಯರ ಹಾಡು. ಅವರ ಕೊರಳು ಏರುವುದಿಲ್ಲವೆಂದು ನೀನು ಬಿಳಿ ಮೂರರಿಂದ ಹಿಡಿದೆ. ನಿನ್ನ ಎರಡೂ ಕೈ ಒಟ್ಟಿಗೆ ಬಿದ್ದವು, ಆ ಪೆಟ್ಟಿಗೆಯೊಳಗಿಂದ ಎಣ್ಣೆಯಿಲ್ಲದ ಗಾಡಿಯ ಅಚ್ಚು ಕೀರಿದಂಥ ದನಿ ಹೊರಟಿತು. ಹುಡುಗಿಯರು ದನಿ ತಪ್ಪಿದರು. ನೀನು ನಿಲ್ಲಿಸಿ ಮತ್ತೆ ಹಿಡಿದೆ. ಮತ್ತೆ ಅದೇ. ಒಂದು ಹುಡುಗಿ ಅಳತೊಡಗಿದಳು. ಹಿಂದಿನಿಂದ ಯಾರೋ ನಕ್ಕರು. ಕೊನೆಗೆ ನೀನು ಕೈ ತೆಗೆದು ಬರೀ ಬಾಯಿಂದ ಹಾಡಿಸಿದೆ. ಆಮೇಲಿನ ಐದು ಹಾಡೂ ಹಾಗೇ ಆದವು.

ನೀನು ಎರಡನೆಯ ಸಲ ಹಿಡಿಯುವುದರೊಳಗೇ ನನಗೆ ಎಲ್ಲ ತಿಳಿದಿತ್ತು. ಸಾ ಬದಲಾಗಿದೆ. ನಾನು ಬಿಳಿ ನಾಲ್ಕಕ್ಕೆ ಎಲ್ಲವನ್ನೂ ಬಿಗಿದು ಕಟ್ಟಿದ್ದೇನೆ. ಇದು ಬೇರೆ ಯಾವ ಕಡೆಯಿಂದಲೂ ಈಗ ಹಾಡುವುದಿಲ್ಲ.

ಪ್ರಾರ್ಥನೆ ಮುಗಿದ ಮೇಲೆ ನಾನೇ ಮುಂದೆ ಹೋಗಿ ಹೇಳಬೇಕೆಂದಿದ್ದೆ. ನಂಬಿದರೆ ನಂಬು. ಎರಡು ಹೆಜ್ಜೆ ಇಟ್ಟೂ ಇದ್ದೆ. ಅಷ್ಟರಲ್ಲಿ ದೇವದಾನ ಅಯ್ಯನವರು ಪಂಚರ ಎದುರು ನನ್ನನ್ನು ಕರೆದು, "ಮಾಸ್ತರ್ರ, ಏನ ಮಾಡಿಟ್ಟೀರಿ ಇದಕ್ಕ?" ಎಂದರು. ಪಂಚರಲ್ಲೊಬ್ಬರು ಬಾಯಿ ಹಾಕಿ, ಭಜನಿ ಪೇಟಿ ಮಾಡಿಟ್ಟಾರ ಎಂದರು. ನಗೆ ಎದ್ದಿತು. ಎಸ್ತೇರವ್ವ, ನನಗೆ ಆ ನಗೆ ಸಹಿಸಲಾಗಲಿಲ್ಲ. ನಾಲ್ಕು ದಿನ ದುಡಿದ ಕೈ, ಅದರ ಮೇಲೆ ಇವರ ನಗೆ. ತಲೆಗೆ ಬೆಂಕಿ ಹತ್ತಿತು. ಹೋಗಿ ನಿನ್ನ ಸ್ಟೂಲಿನ ಮೇಲೆ ಕುಳಿತೆ. ಕುರುಬರ ಹಾಡು ಬಾರಿಸಿದೆ, ಬಿಳಿ ನಾಲ್ಕರಿಂದ. ಒಂದೇ ಕೈಯಲ್ಲಿ. ಸುರ ಹಾಲಿನ ಹಾಗೆ ಬಂತು. 

ಎದ್ದು ನಿಂತು ಹೇಳಿದೆ, "ಪೇಟಿ ನೆಟ್ಟಗ ಐತ್ರಿ. ಬಾರಸೂ ಕೈ ನೆಟ್ಟಗಿಲ್ಲ."

ಬೇರೆ ಸಾ ಹಿಡಿದರೆ ನನ್ನ ಸುಳ್ಳು ಬಯಲಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅದೊಂದನ್ನೇ ಹಿಡಿದೆ. ಸಿಟ್ಟಿನಲ್ಲಿ ಬಾಯಿಗೆ ಬಂದ ಮಾತಲ್ಲ ಅದು. ಲೆಕ್ಕ ಹಾಕಿ ಮಾಡಿದ ಕೆಲಸ. ನೀನು ನನ್ನ ಮುಖ ನೋಡಲಿಲ್ಲ. ನಿನ್ನ ಎರಡೂ ಕೈಗಳನ್ನು ಎತ್ತಿ ಅಂಗೈ ನೋಡಿಕೊಂಡೆ, ತಿರುವಿ ಹಿಂಭಾಗ ನೋಡಿಕೊಂಡೆ. ಕೊಳಕಾಗಿದೆಯೇ ಎಂದು ಹುಡುಗರು ನೋಡಿಕೊಳ್ಳುವ ಹಾಗೆ.

ಜನವರಿ ಮೊದಲ ವಾರ ನಿನ್ನನ್ನು ಕೆಲಸದಿಂದ ಬಿಡಿಸಿದರು. ಹೋಗುವ ದಿನ ನೀನು ಟ್ರಂಕು ಹೊರಗಿಟ್ಟು ನಮ್ಮ ಮನೆಗೆ ಬಂದೆ. ಬಯ್ಯಲು ಬಂದಿದ್ದೀ ಎಂದುಕೊಂಡೆ. ಬಯ್ಯಲಿ ಎಂದೂ ಆಸೆಪಟ್ಟೆ. ನೀನು ಕಂಬದ ಹತ್ತಿರ ನಿಂತು, "ಕಾಕಾರ, ನೀವು ಅಷ್ಟ ಕಷ್ಟಪಟ್ಟು ಮಾಡಿದ್ರಿ, ನನ್ನ ಕೈಯಿಂದ ನಿಮ್ಮ ಹೆಸರಿಗೂ ಮಸಿ ಹತ್ತಿತು. ತಪ್ಪ ತಿಳೀಬ್ಯಾಡ್ರಿ," ಎಂದೆ.

ನಾನು ಏನು ಹೇಳಿದೆ ಗೊತ್ತಲ್ಲ? ಇರಲಿ ಬಿಡು ಎಂದೆ. ನಾನು ನಿನ್ನನ್ನು ಕ್ಷಮಿಸಿದವನ ಹಾಗೆ, ಇರಲಿ ಬಿಡು.

ಕಸ್ತೂರೆವ್ವ ನಿನ್ನ ಕೈಗೆ ಶೇಂಗಾ ಹೋಳಿಗೆ ಕೊಟ್ಟು ಓಣಿಯ ತುದಿಯವರೆಗೂ ಬಂದಳು. ನಾನು ಒಳಗೆ ಹೋಗಿ ಯಾರದೋ ಪೇಟಿ ಬಿಚ್ಚಿ ಕುಳಿತೆ. ಅದರಲ್ಲಿ ರಿಪೇರಿ ಏನೂ ಇರಲಿಲ್ಲ.

ನಾಲ್ಕು ವರ್ಷ ನಾನು ನನಗೇ ಕಥೆ ಹೇಳಿಕೊಂಡೆ. ಅವಳಿಗೆ ಬೇರೆ ಕಡೆ ಕೆಲಸ ಸಿಕ್ಕಿರುತ್ತದೆ, ಸಣ್ಣ ವಯಸ್ಸು, ಮರೆತಿರುತ್ತಾಳೆ, ಎಲ್ಲೋ ಬಾರಿಸುತ್ತಿರುತ್ತಾಳೆ ಎಂದು. ನೀನು ಬಾರಿಸುತ್ತಿರುತ್ತೀ ಎಂಬುದೊಂದನ್ನು ಹಿಡಿದುಕೊಂಡೇ ನಾನು ಊಟ ಮಾಡಿದ್ದು, ನಿದ್ದೆ ಮಾಡಿದ್ದು. ಚರ್ಚಿನಲ್ಲಿ ಆ ಪಿಯಾನೋ ಮೇಲೆ ಚಾದರ ಹೊದಿಸಿದರು. ನನ್ನನ್ನು ಯಾರೂ ಕರೆಯಲಿಲ್ಲ. ನಾನೂ ಆ ರಸ್ತೆ ಬಿಟ್ಟು ಸುತ್ತು ಹಾಕಿ ಓಡಾಡಿದೆ.

ಈ ಬಕ್ರೀದಿಗೆ ಬಂದಗಿಸಾಬನ ಮಗಳು ಶಮಶಾದಬಿ ತವರಿಗೆ ಬಂದಳು. ಅವಳನ್ನು ಮುದ್ದೇಬಿಹಾಳಕ್ಕೆ ಕೊಟ್ಟದ್ದು ನಿನಗೆ ಗೊತ್ತು. ನೀನೂ ಅದೇ ಊರಲ್ಲಿ ಬಾಲವಾಡಿ ಟೀಚರು, ಅವಳ ಮಗ ನಿನ್ನ ಹತ್ತಿರವೇ ಬರುತ್ತಾನೆ ಎಂದು ಅವಳಿಂದಲೇ ತಿಳಿಯಿತು. ನಮ್ಮ ಟೀಚರು ಬಹಳ ಒಳ್ಳೆಯವರು, ಚಪ್ಪಾಳೆ ಬಡಿದು ಹಾಡು ಕಲಿಸುತ್ತಾರೆ ಎಂದಳು. ಚಪ್ಪಾಳೆ ಯಾಕೆ, ಪೇಟಿ ಇಲ್ಲವೇ ಎಂದು ಕೇಳಿದೆ. ಹೊಸ ಪೇಟಿ ತಂದಿಟ್ಟಿದ್ದಾರೆ, ಟೀಚರು ಮುಟ್ಟುವುದಿಲ್ಲ ಎಂದಳು. ಅವಳೇ ಒಮ್ಮೆ ಕೇಳಿದಳಂತೆ. ನೀನು ನಕ್ಕು ಹೇಳಿದೆಯಂತೆ, "ನನ್ನ ಕೈಯಾಗ ಸುರ ಇಲ್ಲವ್ವ. ದೊಡ್ಡ ಮಾಸ್ತರ್ರ ಹೇಳ್ಯಾರ."

ಬಂದಗಿಸಾಬ ನನ್ನ ಮುಖ ನೋಡಿದ. ಅವನಿಗೂ ಗೊತ್ತು. ನಾಲ್ಕು ವರ್ಷ ನನ್ನ ಮರ್ಯಾದೆಗೆ ಬಾಯಿ ಮುಚ್ಚಿಕೊಂಡಿದ್ದ. ಆ ಹೊತ್ತಿನಿಂದ ನನಗೆ ಕೂಡಲು ನೆಲೆಯಿಲ್ಲ.

ಮರುದಿನವೇ ನಿನ್ನ ಹತ್ತಿರ ಹೊರಟೆ. ಬಾಗೇವಾಡಿ ಬಸ್ ಸ್ಟ್ಯಾಂಡಿನಲ್ಲಿ ಇಳಿದೆ, ಮುದ್ದೇಬಿಹಾಳದ ಬಸ್ಸು ಕಣ್ಣ ಮುಂದೆ ಬಂದು ನಿಂತಿತು, ನಾನು ಹತ್ತಲಿಲ್ಲ. ಎದುರಿನ ಸಿಂದಗಿ ಬಸ್ಸು ಹತ್ತಿ ಮನೆಗೆ ಬಂದೆ. ವಾರ ಬಿಟ್ಟು ಮತ್ತೆ ಹೋದೆ. ಈ ಸಲ ಮುದ್ದೇಬಿಹಾಳ ಮುಟ್ಟಿ, ಬಾಲವಾಡಿಯನ್ನೂ ಹುಡುಕಿದೆ. ನೀನು ಮಕ್ಕಳನ್ನು ಸಾಲು ಹಚ್ಚಿ ಮನೆಗೆ ಕಳಿಸುತ್ತಿದ್ದೆ. ಮೈ ಬಡವಾಗಿದೆ. ನಾನು ಬೇವಿನ ಗಿಡದ ಮರೆಗೆ ಸರಿದೆ. ಊರೆಲ್ಲ ಬಾಯಿ ಮಾಡುವ ಮನುಷ್ಯ ಗಿಡದ ಹಿಂದೆ ಅಡಗಿ ನಿಂತದ್ದನ್ನು ನೋಡಿ ಒಬ್ಬ ಹುಡುಗಿ, ಅಜ್ಜಾ ಏನ ಹುಡುಕಾಕತ್ತೀ ಎಂದು ಕೇಳಿದಳು. ಚಪ್ಪಲಿ ಎಂದೆ. ಚಪ್ಪಲಿ ಕಾಲಲ್ಲೇ ಇದ್ದವು.

ಬರೀ ಬಾಯಿ ಮಾತು ಹೊತ್ತು ನಿನ್ನ ಮುಂದೆ ಬರಲು ಮುಖವಿಲ್ಲ ಎಂದು ಆಗ ಅನಿಸಿತು. ಮೊದಲು ಕೆಡಿಸಿದ್ದನ್ನು ಸರಿ ಮಾಡಬೇಕು. ಇಂಡಿ, ಝಳಕಿ ಹಾದು ಸೊಲ್ಲಾಪುರಕ್ಕೆ ಹೋದೆ. ಅಲ್ಲಿ ಮೆಹರಾಜ ಎಂಬ ಮುದುಕರು ಪಿಯಾನೋ ಸುರ ಕೂಡಿಸುತ್ತಾರೆ, ನನಗಿಂತ ಹಿರಿಯರು. ನಾನು ಮಾಡಿದ್ದನ್ನೆಲ್ಲ ಹೇಳಿದೆ. ಅವರು ಬಯ್ಯಲಿಲ್ಲ. ಒಂದು ಹಳೆಯ ಪಿಯಾನೋ ಮುಂದೆ ಕೂರಿಸಿ ಹೇಳಿದರು.

"ಮಾಸ್ತರ್, ಇದರಾಗ ಯಾ ಸುರಕ್ಕೂ ಪೂರಾ ಖುಷಿ ಕೊಡೂದುಲ್ರಿ. ಎಲ್ಲಾರೂ ತುಸು ತುಸು ಬಿಟ್ಟುಕೊಡಬೇಕು. ಅಂದ್ರ ಎಲ್ಲಿಂದ ಹಿಡದ್ರೂ ಹಾಡ ನಡೀತೈತಿ."

ನನಗೆ ಒಪ್ಪಿಗೆಯಾಗಲಿಲ್ಲ. ಬೇಕಂತಲೇ ಹುಳಿ ಹಿಂಡುವುದು ಎಂಥ ವಿದ್ಯೆ ಎಂದು ಜಗಳ ಮಾಡಿ ಎದ್ದು ಬಂದೆ. ಝಳಕಿಯಲ್ಲಿ ಚಹಾಕ್ಕೆ ಬಸ್ಸು ನಿಂತಾಗ ಇಳಿದು, ರಸ್ತೆ ದಾಟಿ, ಮತ್ತೆ ಸೊಲ್ಲಾಪುರದ ಬಸ್ಸು ಹತ್ತಿದೆ. ಅವರು ಏನೂ ಆಗಿಲ್ಲವೆಂಬಂತೆ ಬರ್ರಿ ಎಂದರು. ನಾಲ್ಕು ಸಲ ಹೋಗಿ ಬಂದು ಕಲಿತೆ. ಎರಡು ತಂತಿ ಒಟ್ಟಿಗೆ ನುಡಿದಾಗ ದನಿಯಲ್ಲಿ ಒಂದು ನಡುಕ ಇರುತ್ತದೆ. ನನ್ನ ಜನ್ಮವೆಲ್ಲ ಆ ನಡುಕವನ್ನು ಅಳಿಸುವುದೇ ಕೆಲಸ. ಈಗ ಅದನ್ನು ಎಣಿಸಿ, ಇಷ್ಟು ಇರಲಿ ಎಂದು ಬಿಡಬೇಕು. ಕೈ ಕೇಳುವುದಿಲ್ಲ. ಕೀಲಿ ತನ್ನಷ್ಟಕ್ಕೆ ಸಿಹಿಯ ಕಡೆಗೆ ತಿರುಗುತ್ತದೆ. ಅದನ್ನು ಹಿಂದಕ್ಕೆ ತರುವಾಗ ಹಲ್ಲು ಕಿತ್ತ ಹಾಗಾಗುತ್ತದೆ.

ಅಯ್ಯನವರ ಹತ್ತಿರ ತಂತಿಗೆ ತುಕ್ಕು ಹಿಡಿಯುತ್ತದೆ, ಒರೆಸುತ್ತೇನೆ ಎಂದು ಹೇಳಿ ಬಾಗಿಲು ತೆಗೆಸಿದೆ. ಆಗಲೂ ನಿಜ ಹೇಳಲಿಲ್ಲ, ನೋಡು. ಎರಡು ವಾರ ಮುಂಜಾನೆ ಹೋಗಿ ಹೊತ್ತು ಇಳಿಯುವಾಗ ಬರುತ್ತಿದ್ದೆ. ಮೊನ್ನೆ ಶನಿವಾರ ಕೊನೆಯ ಮೊಳೆ ಬಿಗಿದೆ.

ನಿನ್ನೆ ಆದಿತ್ಯವಾರ. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಒಳಗೆ ಹೋಗಿ ನಡುವೆ ನಿಂತು ಎಲ್ಲ ಹೇಳಿದೆ. ಕೂಡಿಸಿದ್ದು, ಸುಳ್ಳು ಹೇಳಿದ್ದು, ಒಂದೇ ಸಾ ಹಿಡಿದು ಎಲ್ಲರಿಗೂ ಮೋಸ ಮಾಡಿದ್ದು, ಈಗ ಮತ್ತೆ ಸರಿ ಮಾಡಿದ್ದು.  ಅಯ್ಯನವರು, "ನಾಕ ವರ್ಷ ಯಾಕ ಸುಮ್ಮನಿದ್ರಿ?" ಎಂದರು.

"ಸೊಕ್ಕು ರೀ," ಎಂದೆ. ಬೇರೆ ಕಾರಣ ನನ್ನ ಹತ್ತಿರ ಇರಲಿಲ್ಲ.

ಅವತ್ತು ಭಜನಿ ಪೇಟಿ ಎಂದು ನಕ್ಕ ಹಿರಿಯರಿದ್ದರು. ಅವರು ನಂಬಲಿಲ್ಲ. ಅವತ್ತು ಬಾರಿಸಿ ತೋರಿಸಿದಿರಿ, ಇವತ್ತು ಬೇರೆ ಹೇಳುತ್ತೀರಿ, ಯಾವುದು ಖರೆ ಎಂದರು. ಕೇಳಿದ್ದು ನ್ಯಾಯವೇ. ನಾನು ಸ್ಟೂಲಿನ ಮೇಲೆ ಕುಳಿತು ಹುಡುಗಿಯರ ಆ ಎರಡನೆಯ ಹಾಡನ್ನೇ ಹಿಡಿದೆ, ಬಿಳಿ ಮೂರರಿಂದ. ನಲವತ್ತು ವರ್ಷದಲ್ಲಿ ನನ್ನ ಬೆರಳು ಬಿಳಿ ಮೂರರಿಂದ ಹೊರಟದ್ದಿಲ್ಲ. ಮೊದಲ ಸಾಲಿನಲ್ಲೇ ಎರಡು ಕಡೆ ಜಾರಿದೆ. ಹುಡುಗಿಯರು ಕಿಸಕ್ಕನೆ ನಕ್ಕರು. ಮತ್ತೆ ಮೊದಲಿಂದ ಹಿಡಿದೆ, ಮತ್ತೆ ತಪ್ಪಿದೆ. ಮೂರನೆಯ ಸಲ ಅಯ್ಯನವರೇ ದನಿ ಎತ್ತಿದರು, ಹುಡುಗಿಯರು ಸೇರಿಕೊಂಡರು. ನನ್ನ ಬೆರಳು ಎಡವುತ್ತಿದ್ದವು, ಅವರ ಸುರ ಎಡವಲಿಲ್ಲ. ಅವರು ನನ್ನನ್ನು ಹಿಂದೆ ಬಿಟ್ಟು ಕೊನೆ ಮುಟ್ಟಿದರು. ಆ ಕೀರು ದನಿ ಬರಲಿಲ್ಲ, ಈ ಸಲ ಕೆಟ್ಟದ್ದು ಪೆಟ್ಟಿಗೆಯಲ್ಲ, ಕೈಯೇ ಎಂಬುದು ಎಲ್ಲರಿಗೂ ಕೇಳಿಸಿತು. ಆ ಹಿರಿಯರು ಎದ್ದು ಹೊರಗೆ ಹೋಗುವಾಗ ತಲೆಯ ಪಟಕಾ ಬಿಚ್ಚಿ ಮುಖ ಒರೆಸಿಕೊಂಡರು.

ಕ್ರಿಸ್‌ಮಸ್ಸಿಗೆ ನಿನ್ನನ್ನು ಕರೆಯಲು ಅಯ್ಯನವರು ಬೇರೆ ಪತ್ರ ಹಾಕುತ್ತಾರೆ. ಬರುವುದು ಬಿಡುವುದು ನಿನ್ನ ಖುಷಿ. ನಾಲ್ಕು ವರ್ಷ ಆದ ಮೇಲೆ ಕರೆದರೆಂದು ಓಡಿ ಬರಬೇಕಾದ ಋಣ ನಿನಗೇನೂ ಇಲ್ಲ. ಬಾ ಎಂದು ನಾನು ಹೇಳುವುದಿಲ್ಲ, ಹೇಳುವ ಬಾಯಿ ನಾನು ಉಳಿಸಿಕೊಂಡಿಲ್ಲ. ಹೋದ ವರ್ಷಗಳನ್ನು ತಂದುಕೊಡುವ ಕೀಲಿಯೂ ನನ್ನ ಹತ್ತಿರ ಇಲ್ಲ. ಆ ಪಿಯಾನೋ ನನ್ನ ಕಿವಿಗೆ ಈಗಲೂ ಹುಳಿಯೇ. ಹುಳಿ ಎಲ್ಲ ಕಡೆ ಸಮ ಬಿದ್ದಿದೆಯೋ, ಎಲ್ಲಾದರೂ ಹೆಚ್ಚಾಗಿದೆಯೋ ನನಗೆ ತಿಳಿಯುವುದಿಲ್ಲ. ಅದನ್ನು ಹೇಳಬಲ್ಲವಳು ಈ ನಾಲ್ಕು ತಾಲೂಕಿನಲ್ಲಿ ನೀನೊಬ್ಬಳೇ. ನಿನ್ನ ಕೈ ಯಾವಾಗಲೂ ಸರಿಯಾಗಿಯೇ ಇತ್ತು ಎಂಬುದು ಅದಕ್ಕಿಂತ ದೊಡ್ಡದು. ಅದನ್ನು ತಿಳಿಸಲಿಕ್ಕೇ ಇಷ್ಟು ಬರೆದೆ.

ಈ ಪತ್ರವನ್ನು ಟಪಾಲಿಗೆ ಹಾಕುವುದಿಲ್ಲ. ನಾಳೆ ಮುಂಜಾನೆ ಎಂಟರ ಬಸ್ಸಿಗೆ ನಾನೇ ತರುತ್ತೇನೆ. ನಿನ್ನ ಕೈಗೆ ಕೊಟ್ಟು ಬಾಲವಾಡಿಯ ಬಾಗಿಲಲ್ಲಿ, ನಿನಗೆ ಕಾಣುವ ಹಾಗೆ ನಿಲ್ಲುತ್ತೇನೆ. ಇಲ್ಲಿಯವರೆಗೆ ಓದಿದ್ದರೆ ತಲೆ ಎತ್ತು. ನಾನು ಅಲ್ಲೇ ಇದ್ದೇನೆ. ಮಕ್ಕಳ ಮುಂದೆ ಬೇಕಾದರೆ ಮಕ್ಕಳ ಮುಂದೆಯೇ ಬಯ್ಯಿ, ಏನಂದರೂ ನಾನು ಎದುರಾಡುವುದಿಲ್ಲ. ಆದರೆ ಒಂದು ಮಾತು ಹೇಳಿ ಮುಗಿಸುತ್ತೇನೆ. ನನಗೆ ಬಯ್ಯುವ ಮೊದಲು ಆ ಹೊಸ ಪೇಟಿಯ ಅರಿವೆ ತೆಗೆದು, ನಿನಗೆ ಬೇಕಾದ ಕಡೆಯಿಂದ ಒಂದು ಸುರ ಒತ್ತು.

ನಿನ್ನ ಎರಡೂ ಕೈ ತಂಪಾಗಿರಲಿ, ತಾಯಿ.

ನಿನಗೆ ಅನ್ಯಾಯ ಮಾಡಿದ ಕಾಕಾ,
ಮಡಿವಾಳಪ್ಪ